ಪಿಕಪ್ ತಗ್ಗಿಸಿದರೆ ಕುಲುಕಾಟ ನಿಲ್ಲುತ್ತಾ?

ಫೋರ್ ವೀಲ್ ಡ್ರೈವ್ ಪಿಕಪ್ ಕುಲುಕುತ್ತೆ ಅಂತ ಎರಡು ಇಂಚು ತಗ್ಗಿಸೋಕೆ ಹೊರಟವರಿಗೆ ನಾನು ಹೇಳೋದು ಇಷ್ಟೇ: ಬೇಡ ಮಾರಾಯ್ರೇ.

ಕುಲುಕಾಟ ಎತ್ತರದಿಂದ ಬರೋದಲ್ಲ. ಇಸುಜು ವಿ-ಕ್ರಾಸ್ ಇರಲಿ, 2022ರಲ್ಲಿ ಭಾರತಕ್ಕೆ ಬಂದ ಟೊಯೋಟಾ ಹೈಲಕ್ಸ್ ಇರಲಿ, ಹಿಂದೆ ಇರೋದು ಲಾರಿ ಥರದ ಲೀಫ್ ಸ್ಪ್ರಿಂಗ್. ಮೂಟೆ ಹೊರಲಿ ಅಂತಲೇ ಬಿಗಿಯಾಗಿ ಮಾಡಿದ್ದು. ಖಾಲಿ ಗಾಡಿಯಲ್ಲಿ ಅದು ಸರಿಯಾಗಿ ಬಗ್ಗೋದೇ ಇಲ್ಲ, ಹಂಪ್ ಬಂದರೆ ಹಿಂಭಾಗ ಎಗರುತ್ತೆ. ನಾಲ್ಕು ಮೂಟೆ ಕಾಫಿ ಹಾಕಿ ನೋಡಿ, ಅದೇ ಗಾಡಿ ಎಷ್ಟು ಸಾಧು!

ಸಕಲೇಶಪುರದ ನಮ್ಮ ಭಾವನಿಗೂ ಈ ಹುಚ್ಚು ಹತ್ತಿದೆ. ಬೆನ್ನಿನ ಆಪರೇಷನ್ ಆದ ಅತ್ತೆಯನ್ನು ಹಾಸನಕ್ಕೆ ಕರ್ಕೊಂಡು ಹೋಗೋದು ಅದೇ ಪಿಕಪ್‌ನಲ್ಲಿ. ಅವರ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ತಗ್ಗಿಸಿದರೆ ಸ್ಪ್ರಿಂಗಿಗೆ ಆಡೋಕೆ ಜಾಗ ಕಮ್ಮಿ ಆಗುತ್ತೆ. ಗುಂಡಿಗೆ ಬಿದ್ದಾಗ ಆಕ್ಸಲ್ ಹೋಗಿ ಬಂಪ್ ಸ್ಟಾಪ್ ರಬ್ಬರಿಗೆ ಗುದ್ದುತ್ತೆ, ಆ ಏಟು ನೇರ ಅತ್ತೆಯ ಬೆನ್ನಿಗೆ. ಅದು ಗುದ್ದಬಾರದು ಅಂತ ತಗ್ಗಿಸೋ ಸ್ಪ್ರಿಂಗನ್ನು ಸಾಮಾನ್ಯವಾಗಿ ಇನ್ನೂ ಬಿಗಿ ಮಾಡಿರ್ತಾರೆ! ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟ್‌ಗಳ ಕೋನವೂ ಬದಲಾಗುತ್ತೆ. ತಿರುವಲ್ಲಿ ಓಲಾಟ ಕಮ್ಮಿ, ಹತ್ತಿ ಇಳಿಯೋದು ಸುಲಭ, ಒಪ್ಪಿದೆ. ಆದರೆ ಮಳೆಗಾಲದ ತೋಟದ ರಸ್ತೆಯಲ್ಲಿ ಹೊಟ್ಟೆ ತಾಗುತ್ತೆ (ಫೋರ್ ವೀಲ್ ತಗೊಂಡಿದ್ದು ಅದಕ್ಕೇ ತಾನೆ?).

ಮೊದಲು ಟೈರಿನ ಗಾಳಿ ನೋಡಿ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಎಷ್ಟಿರಬೇಕು ಅಂತ ಬರೆದಿರುತ್ತೆ. ಖಾಲಿಗೂ ಲೋಡಿಗೂ ಬೇರೆ ಬೇರೆ ಕೊಟ್ಟಿದ್ದರೆ ಹಾಗೇ ಹಾಕಿಸಿ. ನಮ್ಮವರು ವರ್ಷವಿಡೀ ಲೋಡಿನ ಗಾಳಿಯಲ್ಲೇ ಓಡಿಸ್ತಾರೆ. ಶಾಕ್ ಅಬ್ಸಾರ್ಬರ್ ಸೋರ್ತಿದ್ರೆ ಬದಲಿಸಿ. ಆಮೇಲೂ ಕುಲುಕಿದರೆ ಹಿಂದೆ ಎರಡು ಮೂಟೆ ಮರಳು ಹಾಕಿ ಬಿಗಿಯಾಗಿ ಕಟ್ಟಿ.