ಮಾತೇ ಇಲ್ಲದೆ ನಗಿಸಿದ ಊರಿದು, ನಿಮಗೆ ನಮ್ಮ ನಾಲಿಗೆಯೇ ಬೇಕಾ?

ಪರದೆ ಮೇಲೆ ಹಳ್ಳಿಯವನು ಬರುತ್ತಾನೆ. ‘ಹಾಲು’ ಅನ್ನೋ ಕಡೆ ‘ಆಲು’ ಅಂತಾನೆ. ಎಲ್ಲರೂ ನಗಬೇಕು. ಇದನ್ನೇ ಕಾಮಿಡಿ ಅಂತ ವರ್ಷಗಟ್ಟಲೆ ನಮಗೇ ಮಾರುತ್ತಿದ್ದಾರೆ. ಟಿಕೆಟ್ ದುಡ್ಡು ನಮ್ಮದು, ಡೇಟಾ ಪ್ಯಾಕ್ ನಮ್ಮದು, ನಗೆಪಾಟಲಿಗೂ ನಾವೇ!

ಓದಲು ಬಂದು ಕೆ.ಆರ್. ಪುರದಲ್ಲಿ ರೂಮು ಮಾಡಿದ್ದಾಗ ನಮಗೂ ಇದು ತಟ್ಟಿತ್ತು. ಅಂಗಡಿಯಲ್ಲಿ ಹಾಲು ಕೇಳುವ ಮೊದಲು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಳ್ಳುತ್ತಿದ್ದೆವು.

‘ಜನ ಕೇಳೋದೇ ಇದನ್ನ’ ಅನ್ನುವವರಿಗೆ ನಮ್ಮ ಉತ್ತರ, 1987ರ ‘ಪುಷ್ಪಕ ವಿಮಾನ’. ಶೃಂಗಾರ್ ನಾಗರಾಜ್ ನಿರ್ಮಾಣ, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಕಮಲ್ ಹಾಸನ್ ನಾಯಕ, ಶೂಟಿಂಗ್ ಬೆಂಗಳೂರಿನಲ್ಲೇ. ಇಡೀ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ.

ಕೆಲಸವಿಲ್ಲದ ಹುಡುಗ, ಕುಡಿದು ಬಿದ್ದ ಶ್ರೀಮಂತನನ್ನು ಕೂಡಿಹಾಕಿ ಅವನ ಹೋಟೆಲ್ ರೂಮು ಸೇರುತ್ತಾನೆ. ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬರಲ್ಲ. ಹಳೇ ರೂಮಿನ ಪಕ್ಕದ ಟಾಕೀಸಿನ ಗಲಾಟೆಯನ್ನು ಟೇಪ್ ಮಾಡಿ ತಂದು, ಅದನ್ನು ಕೇಳುತ್ತ ಮಲಗುತ್ತಾನೆ! ಅವನ ಕೊಲೆಗೆ ಬಂದವನ ಆಯುಧ ಮಂಜುಗಡ್ಡೆಯ ಚೂರಿ, ಅದೋ ಕರಗಿ ನೀರಾಗುತ್ತದೆ. ಇಲ್ಲಿ ನಗು ಬರುವುದು ದುಡ್ಡಿನ ಆಸೆಯ ಮೇಲೆ, ಯಾರದೋ ಉಚ್ಚಾರಣೆಯ ಮೇಲಲ್ಲ. ಇದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಇದೇನು ಹೊಸದಲ್ಲ. ಶಿವಾಜಿನಗರದ ಎಲ್ಗಿನ್ ಟಾಕೀಸ್ ಮೂಕಿ ಕಾಲದ್ದು. ದಂಡು ಪ್ರದೇಶದಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲ ಇದ್ದವು. ಮೂಕಿಗೆ ಯಾವುದೂ ಅಡ್ಡಿಯಲ್ಲ. ಜಾರಿ ಬಿದ್ದವನನ್ನು ನೋಡಿ ನಗಲು ಯಾವ ಜಿಲ್ಲೆಯ ಕನ್ನಡವೂ ಬೇಕಿಲ್ಲ.

1934ರಲ್ಲಿ ‘ಸತಿ ಸುಲೋಚನ’ ಬಂತು, ಕನ್ನಡ ಚಿತ್ರ ಮಾತು ಕಲಿಯಿತು. ಒಳ್ಳೆಯದೇ. ಹಳ್ಳಿ ಮಾತು ಪರದೆಗೆ ಬರಬಾರದು ಅಂತ ನಾವು ಹೇಳುತ್ತಿಲ್ಲ. ಬರಲೇಬೇಕು, ಡಾಕ್ಟರ್ ಬಾಯಲ್ಲಿ, ಮೇಷ್ಟ್ರ ಬಾಯಲ್ಲಿ, ನಾಯಕಿಯ ಬಾಯಲ್ಲಿ. ಮಂಡ್ಯದ ಹಳ್ಳಿಯವರೇ ನಟಿಸಿದ ‘ತಿಥಿ’ಯಲ್ಲಿ ಎಲ್ಲರೂ ಊರ ಮಾತೇ ಆಡುತ್ತಾರೆ. ಅಲ್ಲಿ ನಗು ಬರುವುದು ಗಡ್ಡಪ್ಪನ ಗತ್ತಿಗೆ, ಅವನ ನಾಲಿಗೆಗಲ್ಲ. ಒಬ್ಬನಿಗೆ ಮಾತ್ರ ಹಳ್ಳಿ ಮಾತು ಕೊಟ್ಟು, ಅವನನ್ನೇ ಪೆದ್ದ ಮಾಡುವುದಿದೆಯಲ್ಲ, ನಮ್ಮ ತಕರಾರು ಅದಕ್ಕೆ.

ಈ ಸಲ ಊರ ಹಬ್ಬಕ್ಕೆ ಬಿಳಿ ಪಂಚೆ ಕಟ್ಟಿ ‘ಪುಷ್ಪಕ ವಿಮಾನ’ ಹಾಕಿಸಿ. ಕಿವಿ ಕೇಳದ ತಾತ, ಅಕ್ಷರ ಬಾರದ ಅಜ್ಜಿ, ಬಿಹಾರದಿಂದ ಕೆಲಸಕ್ಕೆ ಬಂದ ಹುಡುಗ ಒಟ್ಟಿಗೆ ಕೂತು ನಗುತ್ತಾರೆ. ಆಮೇಲೆ ಮುಂದಿನ ‘ಆಲು’ ಜೋಕು ಫೋನಿಗೆ ಬಂದಾಗ ಫಾರ್ವರ್ಡ್ ಮಾಡಬೇಡಿ. ನಾವಂತೂ ಈಗ ಅಂಗಡಿಯಲ್ಲಿ ಆಲು ಅಂತಲೇ ಕೇಳುತ್ತೇವೆ.