ತೂಗದೆ ಮಾರದವರು ಅಳೆಯದೆ ನುಂಗುವುದೇಕೆ?



ಗದಗ-ಬೆಟಗೇರಿಯ ಪೇಟೆಯಲ್ಲಿ ಹತ್ತಿಯಾಗಲಿ, ಒಣಮೆಣಸಿನಕಾಯಿಯಾಗಲಿ, ಶೇಂಗಾ ಆಗಲಿ, ತೂಗದೆ ಒಂದು ಚೀಲವೂ ಮಾರಾಟವಾಗುವುದಿಲ್ಲ. ಕಣ್ಣಳತೆಯ ಮೇಲೆ ಬೆಲೆ ಕಟ್ಟುತ್ತೇನೆಂದರೆ ನಮ್ಮ ರೈತ ಜಗಳಕ್ಕೇ ನಿಲ್ಲುತ್ತಾನೆ. ಅದೇ ರೈತ ದಮ್ಮು ಹತ್ತಿದಾಗ ಮಾತ್ರ ಉಸಿರನ್ನು ಒಮ್ಮೆಯೂ ಅಳೆಸದೆ ವರ್ಷಗಟ್ಟಲೆ ಗುಳಿಗೆ ನುಂಗುತ್ತಾನೆ. ಕೊಡುವವರಲ್ಲಿ ಅನೇಕರು ಅಳೆಯುವ ಗೋಜಿಗೂ ಹೋಗುವುದಿಲ್ಲ. ಈ ರೂಢಿಯನ್ನು ನಾನು ತೀವ್ರವಾಗಿ ವಿರೋಧಿಸುತ್ತೇನೆ.

ಅಳತೆಯೆಂದರೆ ಬ್ರಹ್ಮವಿದ್ಯೆಯೇನಲ್ಲ. ರೋಗಿಯು ಎದೆತುಂಬ ಉಸಿರು ಎಳೆದುಕೊಂಡು ಸ್ಪೈರೊಮೀಟರಿನ ಕೊಳವೆಯೊಳಗೆ ಬಲವಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯ ಪ್ರಮಾಣವನ್ನು ಉಪಕರಣವು ದಾಖಲಿಸುತ್ತದೆ. ಬಳಿಕ ಶ್ವಾಸನಾಳವನ್ನು ಹಿಗ್ಗಿಸುವ ಸಾಲ್ಬುಟಮಾಲ್ ಔಷಧವನ್ನು, ಸಾಮಾನ್ಯವಾಗಿ 400 ಮೈಕ್ರೊಗ್ರಾಂ, ಪಂಪಿನ ಮೂಲಕ ಒಳಗೆಳೆಸಿ, ಸುಮಾರು 15 ನಿಮಿಷ ಕಾಯಿಸಿ, ಮತ್ತೆ ಊದಿಸುತ್ತಾರೆ. ಮೊದಲು 1.5 ಲೀಟರ್ ಬಂದದ್ದು ಈಗ 1.8 ಲೀಟರ್ ಬಂದರೆ 300 ಮಿಲಿಲೀಟರ್, ಅಂದರೆ ಶೇ. 20ರಷ್ಟು ಏರಿಕೆ. ವಯಸ್ಕರಲ್ಲಿ ಶೇ. 12 ಹಾಗೂ 200 ಮಿಲಿಲೀಟರ್, ಈ ಎರಡನ್ನೂ ದಾಟಿದರೆ ಶ್ವಾಸಕೋಶವು ಔಷಧಕ್ಕೆ ಓಗೊಟ್ಟಿತೆಂಬುದು ಬಹುಕಾಲದ ಒರೆಗಲ್ಲು. ಗಣಿತ ಕಲಿಸಿದ ಮೇಷ್ಟ್ರು ಪಾಠಕ್ಕೆ ಮುನ್ನ ಒಂದು, ಪಾಠದ ನಂತರ ಒಂದು ಪರೀಕ್ಷೆ ಕೊಡುವುದಿಲ್ಲವೇ? ಇದೂ ಅಷ್ಟೇ!

ಈ ಅಂಕಿಯಿಂದ ಆಗಬೇಕಾದ್ದೇನು? ಬಹಳವಿದೆ. ಬೆಟಗೇರಿಯ ನೇಕಾರ ಮನೆತನದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಗೆ ‘ದಮ್ಮು’ ಎಂಬ ಒಂದೇ ಹೆಸರಿನಲ್ಲಿ ಎಷ್ಟೋ ವರ್ಷ ಅದೇ ಗುಳಿಗೆ ನಡೆದಿತ್ತು. ಕೊನೆಗೆ ಹುಬ್ಬಳ್ಳಿಯ ವೈದ್ಯರೊಬ್ಬರು ಊದಿಸಿ ನೋಡಿದಾಗ, ಔಷಧದ ಬಳಿಕವೂ ಅಂಕಿ ಕದಲಲಿಲ್ಲ. ಉಳಿದ ಪರೀಕ್ಷೆಗಳೂ ಸೇರಿ ತಿಳಿದುಬಂದದ್ದು: ಕಟ್ಟಿಗೆ ಒಲೆಯ ಹೊಗೆಯಿಂದ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿದ್ದವು. ಅದು ಅಸ್ತಮಾ ಅಲ್ಲ, ಸಿಒಪಿಡಿ. ಔಷಧವೂ ಬದಲಾಯಿತು, ಒಲೆಯೂ ಬದಲಾಯಿತು. ಅಷ್ಟು ವರ್ಷ ಆ ಹೊಗೆಯಲ್ಲೇ ಕುಳಿತು ರೊಟ್ಟಿ ಬಡಿದ ಆ ತಾಯಿಗೆ ಯಾರು ಉತ್ತರ ಹೇಳಬೇಕು?

‘ಸ್ಟೆತಾಸ್ಕೋಪ್ ಇದೆಯಲ್ಲ, ಸಾಲದೇ?’ ಎನ್ನುವವರುಂಟು. ಸಾಲದು. ಅಸ್ತಮಾದ ಲಕ್ಷಣವೇ ಏರಿಳಿತ. ಬೆಳಗಿನ ಜಾವ ಸುಯ್ಗುಡುವ ಎದೆ ಮಧ್ಯಾಹ್ನ ವೈದ್ಯರ ಮುಂದೆ ಮೌನವಾಗಿರಬಹುದು. ಇನ್ನೂ ಭಯಂಕರವೆಂದರೆ, ನಾಳಗಳು ತೀರಾ ಮುಚ್ಚಿಕೊಂಡಾಗಲೂ ಸದ್ದು ಅಡಗಿಬಿಡುತ್ತದೆ. ಅದೇ ಕಾರಣಕ್ಕೆ, ಒಮ್ಮೆ ಊದಿದಾಗ ಅಂಕಿ ಏರಲಿಲ್ಲವೆಂದು ‘ಅಸ್ತಮಾ ಇಲ್ಲ’ ಎಂದು ತೀರ್ಪು ಕೊಡುವುದೂ ಸಲ್ಲ, ಮತ್ತೆ ಅಳೆಯಬೇಕು.

‘ಪಂಪು ಹಿಡಿದರೆ ಬಿಡಲಾಗದು, ಗುಳಿಗೆಯೇ ವಾಸಿ’ ಎಂಬುದು ಇನ್ನೊಂದು ಮೂಢನಂಬಿಕೆ. ಲೆಕ್ಕ ಹಾಕಿ ನೋಡಿ. ಒಂದು ಗುಳಿಗೆಯಲ್ಲಿ 4 ಮಿಲಿಗ್ರಾಂ ಸಾಲ್ಬುಟಮಾಲ್. ಪಂಪಿನ ಒಂದು ಸಿಂಪಡಣೆಯಲ್ಲಿ 100 ಮೈಕ್ರೊಗ್ರಾಂ. ಒಂದು ಗುಳಿಗೆಯೆಂದರೆ ನಲವತ್ತು ಸಿಂಪಡಣೆ! ಅದು ಇಡೀ ಮೈಯೆಲ್ಲ ಸುತ್ತಿ ಕೈ ನಡುಗಿಸಿ, ಎದೆ ಬಡಿಸುತ್ತದೆ. ಹಾಗೆಂದು ಪರಿಹಾರದ ಪಂಪೊಂದನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ. ಅದು ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಊತವನ್ನು ಇಳಿಸುವುದಿಲ್ಲ. ಸಾಲ್ಬುಟಮಾಲ್ ಒಂದರಿಂದಲೇ ಚಿಕಿತ್ಸೆ ಬೇಡ, ಊತ ತಗ್ಗಿಸುವ ಸ್ಟೀರಾಯ್ಡ್ ಪಂಪು ಜೊತೆಗಿರಲಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಮೃಗಶಿರ ಮಳೆ ಕೂಡುವ ಹೊತ್ತಿಗೆ ಮೀನಿನ ಮದ್ದು ನುಂಗಲು ಹೈದರಾಬಾದಿನ ಹಾದಿ ಹಿಡಿದವರು ನಮ್ಮ ಸೀಮೆಯಲ್ಲೂ ಇದ್ದಾರೆ. ಅವರ ನಂಬಿಕೆಯನ್ನು ನಾನು ಹಂಗಿಸಲಾರೆ. ನನ್ನದು ಒಂದೇ ಪ್ರಶ್ನೆ: ನುಂಗುವ ಮುನ್ನ ಎಷ್ಟು ಊದಿದಿರಿ, ನುಂಗಿದ ಮೇಲೆ ಎಷ್ಟು ಊದಿದಿರಿ? ಅಂಕಿಯಿಲ್ಲದ ಗುಣ, ಉತ್ತರಪತ್ರಿಕೆ ನೋಡದೆ ಹಾಕಿದ ಅಂಕದಂತೆ.

ಬಡವರಿಗೆ ಇದೆಲ್ಲ ಎಟುಕೀತೇ ಎಂಬ ಮಾತಿಗೂ ಉತ್ತರವಿದೆ. ಬ್ರಿಟನ್ನಿನ ರೈಟ್ ಎಂಬ ವಿಜ್ಞಾನಿ 1959ರಲ್ಲಿ ಲೋಕಕ್ಕೆ ಪರಿಚಯಿಸಿದ ಪೀಕ್ ಫ್ಲೋ ಮೀಟರ್ ಇಂದು ಅಂಗೈಯಗಲದ ಪ್ಲಾಸ್ಟಿಕ್ ಕೊಳವೆಯಾಗಿ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ, ವಿದ್ಯುತ್ತೂ ಬೇಡ. ಅದು ಸ್ಪೈರೊಮೀಟರಿಗೆ ಸಮನಲ್ಲ, ಆದರೆ ಏನೂ ಅಳೆಯದಿರುವುದಕ್ಕಿಂತ ಎಷ್ಟೋ ಮೇಲು. ಎರಡು ವಾರ ಬೆಳಿಗ್ಗೆ-ಸಂಜೆ ಊದಿ ಬರೆದಿಟ್ಟ ಹಾಳೆಯು ವೈದ್ಯರಿಗೆ ರೋಗಿಯ ಬಾಯಿಮಾತಿಗಿಂತ ಹೆಚ್ಚು ಹೇಳುತ್ತದೆ.

ಗದಗಿನಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೆ ಸುಗ್ಗಿಯಲ್ಲಿ ರಾಶಿಯ ದೂಳು ಕುಡಿದು ಏದುಸಿರು ಬಿಡುವ ಲಕ್ಷ್ಮೇಶ್ವರದ, ಶಿರಹಟ್ಟಿಯ, ಮುಂಡರಗಿಯ ಕೂಲಿಯಾಳು ಒಂದು ದಿನದ ಪಗಾರ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಏಕೆ ಬರಬೇಕು? ತಾಲ್ಲೂಕಿಗೊಂದು ಸ್ಪೈರೊಮೀಟರ್, ಅದನ್ನು ಸರಿಯಾಗಿ ಊದಿಸಬಲ್ಲ ತರಬೇತಾದ ಒಬ್ಬ ಸಿಬ್ಬಂದಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪೀಕ್ ಫ್ಲೋ ಮೀಟರ್: ಇಷ್ಟು ಕೇಳುವುದು ದುರಾಸೆಯಲ್ಲ, ಹಕ್ಕು.

ನಿಮ್ಮಲ್ಲಿ ವೈದ್ಯರಾದವರಿದ್ದೀರಿ, ಪಂಚಾಯಿತಿ ಸದಸ್ಯರಾದವರಿದ್ದೀರಿ, ನನ್ನಂತೆ ಮೇಷ್ಟ್ರಾದವರೂ ಇದ್ದೀರಿ. ಈ ವಾರವೇ ನಿಮ್ಮೂರ ಆಸ್ಪತ್ರೆಗೆ ಹೋಗಿ ‘ಊದಿಸಿ ನೋಡುವ ಏರ್ಪಾಡು ಇದೆಯೇ?’ ಎಂದು ಕೇಳಿರಿ. ಇಲ್ಲವೆಂದರೆ ಏಕಿಲ್ಲವೆಂದು ಲಿಖಿತವಾಗಿ ಕೇಳಿರಿ. ಬಂದ ಉತ್ತರವನ್ನು ನನಗೂ ತಿಳಿಸಿರಿ.