ಹಾಡು ಕೆಡಿಸುವುದು ಯಾವ ಕರೆಂಟು?

ಜಪಾನಿನಲ್ಲಿ ಕೆಲವು ಸಂಗೀತಪ್ರಿಯರು ತಮ್ಮ ಹೈಫೈ ಸೆಟ್ಟಿಗೆಂದೇ ಮನೆಯಂಗಳದಲ್ಲಿ ಸ್ವಂತ ವಿದ್ಯುತ್ ಕಂಬ ನೆಡಿಸಿಕೊಂಡಿದ್ದಾರೆ. ಕಂಬದ ಮೇಲೆ ಅವರದೇ ಟ್ರಾನ್ಸ್‌ಫಾರ್ಮರ್. ಪಕ್ಕದ ಮನೆಯ ಫ್ರಿಜ್ಜು, ಏಸಿಗಳ ಗೊಡವೆಯಿಲ್ಲದ ಕರೆಂಟು. 2016ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇದನ್ನು ವರದಿ ಮಾಡಿತ್ತು. ಲಕ್ಷಗಟ್ಟಲೆ ರೂಪಾಯಿಗೆ ಸಮನಾದ ಈ ಖರ್ಚು ಬರೀ ಶೋಕಿಯೋ, ಅದರಲ್ಲಿ ಹುರುಳೂ ಉಂಟೋ?

ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಆಂಪ್ಲಿಫೈಯರ್ ಅದನ್ನು ತಗ್ಗಿಸಿ, ಡಿಸಿಯಾಗಿ ಬದಲಿಸಿ, ದಪ್ಪ ಕೆಪಾಸಿಟರ್‌ಗಳಲ್ಲಿ ತುಂಬಿಟ್ಟುಕೊಂಡು, ಅಲ್ಲಿಂದ ಬೇಕಾದಷ್ಟನ್ನು ತೆಗೆದುಕೊಳ್ಳುತ್ತದೆ. ಹಾಗಾಗಿ ‘ಕೊಳಕು ಕರೆಂಟು’ ಎಂಬ ದೂರು ಕೇಳಿಬಂದಾಗಲೆಲ್ಲ, ಆ ಕೊಳೆ ಇಷ್ಟು ಬಾಗಿಲು ದಾಟಿ ಯಾವ ದಾರಿಯಿಂದ ಒಳಗೆ ಬಂತು ಎಂದು ವಿಚಾರಿಸಬೇಕು. ದಾರಿ ತೋರಿಸಲಾಗದ ದೂರನ್ನು ಅಷ್ಟಾಗಿ ನಂಬಬೇಕಿಲ್ಲ.

ಲೋ ವೋಲ್ಟೇಜಿನ ದೂರನ್ನೇ ನೋಡಿ. ಬೇಸಿಗೆಯ ಸಂಜೆ 230 ಇರಬೇಕಾದದ್ದು 190ಕ್ಕೆ ಇಳಿಯಿತು ಎನ್ನೋಣ. ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಕೇಳಿದರೆ ಗಾಬರಿಯಾಗುವಂಥ ಲೆಕ್ಕ. ಆದರೆ ಕಿವಿಯ ಲೆಕ್ಕದಲ್ಲಿ ಅದು ಎರಡು ಡೆಸಿಬೆಲ್ ಕೂಡ ಅಲ್ಲ. ಅದೂ ವಾಲ್ಯೂಮನ್ನು ತುತ್ತತುದಿಗೆ ಏರಿಸಿದಾಗ ಮಾತ್ರ. ಹಜಾರದಲ್ಲಿ ಕೂತು ಕೇಳುವ ಹಾಡಿಗೆ ಬಹುಪಾಲು ಹೊತ್ತು ಒಂದೆರಡು ವಾಟ್ ಸಾಕು. 100ರಿಂದ 240 ವೋಲ್ಟ್‌ವರೆಗೆ ಒಗ್ಗಿಕೊಳ್ಳುವ ಈಗಿನ ಸೆಟ್ಟುಗಳಿಗಂತೂ ಇದು ಗೊತ್ತೇ ಆಗುವುದಿಲ್ಲ.

ಕರೆಂಟು ನಿಜಕ್ಕೂ ಸಂಗೀತದ ಶ್ರುತಿಗೇ ಕೈಹಾಕಿದ್ದ ಕಾಲವೊಂದಿತ್ತು. ನೇರ ಏಸಿ ಮೋಟರಿನ ರೆಕಾರ್ಡ್ ಪ್ಲೇಯರಿನಲ್ಲಿ ತಟ್ಟೆ ತಿರುಗುವ ವೇಗ ಲೈನಿನ ಫ್ರೀಕ್ವೆನ್ಸಿಯನ್ನೇ ಅನುಸರಿಸುತ್ತದೆ. ದಕ್ಷಿಣದ ಗ್ರಿಡ್ಡಿನಲ್ಲಿ ವಿದ್ಯುತ್ ಕೊರತೆ ತೀವ್ರವಾಗಿದ್ದ ವರ್ಷಗಳಲ್ಲಿ 50 ಹರ್ಟ್ಸ್ ಇರಬೇಕಾದದ್ದು 48.5ರ ಆಸುಪಾಸಿಗೆ ಇಳಿಯುವುದು ಮಾಮೂಲಾಗಿತ್ತು. ಅಂದರೆ ಶೇ. 3ರಷ್ಟು ನಿಧಾನ. ಹಾಡಿನ ಕಾಲಪ್ರಮಾಣ ಎಳೆದಂತಾಗುವುದರ ಜೊತೆಗೆ ಷಡ್ಜವೇ ಕೆಳಗೆ ಜಾರುತ್ತದೆ, ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅರ್ಧದಷ್ಟು. ಹಾಗೆ ಓಡುತ್ತಿರುವ ರೆಕಾರ್ಡಿನ ಜೊತೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಲು ಕೂತವರು ತಪ್ಪು ತಮ್ಮ ಗಂಟಲಿನದೇ ಎಂದುಕೊಂಡರೂ ಆಶ್ಚರ್ಯವಿಲ್ಲ. 2003ರಲ್ಲಿ ಫ್ರೀಕ್ವೆನ್ಸಿಗೆ ತಕ್ಕಂತೆ ದರ ಏರಿಳಿಯುವ ವ್ಯವಸ್ಥೆ ದಕ್ಷಿಣಕ್ಕೆ ಬಂದಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್ಡಿಗೆ ಕೂಡಿಸಿತು. ಈಗ ಫ್ರೀಕ್ವೆನ್ಸಿ ಹೆಚ್ಚು ಹೊತ್ತು 50ರ ಹತ್ತಿರವೇ ಇರುತ್ತದೆ. ರಾಯಚೂರಿನ ಆ ಲೈನು ಯಾವ ಹೈಫೈ ಪತ್ರಿಕೆಯ ಪ್ರಶಸ್ತಿಯನ್ನೂ ಪಡೆಯಲಾರದು. ಆದರೆ ಹಳೆಯ ಎಲ್‌ಪಿಗಳ ಶ್ರುತಿಗೆ ಅದು ಮಾಡಿದ ಉಪಕಾರ ಯಾವ ದುಬಾರಿ ಪವರ್ ಕೇಬಲ್ಲಿನಿಂದಲೂ ಆಗದು.

ಇಂದಿನ ತೊಂದರೆಗಳಲ್ಲಿ ಹೆಚ್ಚಿನವು ಮನೆಯೊಳಗೇ ಹುಟ್ಟುವಂಥವು. ಹಾಡು ನಿಂತಾಗಲೂ ಸ್ಪೀಕರಿನಿಂದ ‘ಗುಂಯ್’ ಎಂದು ಬರುತ್ತಿದ್ದರೆ, ಮೊದಲು ಆಂಪ್ಲಿಫೈಯರಿಗೆ ಜೋಡಿಸಿರುವ ಟಿವಿಯ ಸೆಟ್‌ಟಾಪ್ ಬಾಕ್ಸಿನಿಂದ ಕೇಬಲ್ಲಿನವರ ವೈರನ್ನು ಕಿತ್ತು ನೋಡಬೇಕು. ಗುಂಯ್‌ಗುಟ್ಟುವಿಕೆ ತಟ್ಟನೆ ನಿಂತರೆ ಕಳ್ಳ ಸಿಕ್ಕಂತೆ. ಆ ವೈರಿಗೆ ಎಲ್ಲೋ ಒಂದು ಕಡೆ ಅರ್ತ್ ಇರುತ್ತದೆ, ಮನೆಯ ಪ್ಲಗ್ಗಿಗೆ ಇನ್ನೊಂದು ಕಡೆ. ಎರಡರ ನಡುವೆ ಇರುವ ಚೂರು ವೋಲ್ಟೇಜ್ ವ್ಯತ್ಯಾಸದಿಂದ ಹುಟ್ಟುವ ಕರೆಂಟು ಹಾಡಿನ ವೈರಿನಲ್ಲೇ ಹರಿದು, ಸದ್ದಾಗಿ ಸ್ಪೀಕರ್ ಸೇರುತ್ತದೆ. ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದರೆ ಆ ದಾರಿ ಮುಚ್ಚುತ್ತದೆ. ಅದರಲ್ಲಿ ಹೋಗುವುದು ಬೆಳಕು, ತಾಮ್ರದ ಸಂಪರ್ಕವೇ ಇಲ್ಲ. ಕೆಲವರು ಇದಕ್ಕೆ ಕಂಡುಕೊಂಡಿರುವ ಉಪಾಯ ಪ್ಲಗ್ಗಿನ ಅರ್ತ್ ಪಿನ್ನನ್ನೇ ತಪ್ಪಿಸುವುದು. ಸದ್ದು ನಿಲ್ಲಬಹುದು, ನಿಜ. ಆದರೆ ಒಳಗೆ ಫೇಸ್ ವೈರು ಸಡಿಲಾದ ದಿನ ಆಂಪ್ಲಿಫೈಯರಿನ ಲೋಹದ ಮೈ ಮುಟ್ಟಿದವರ ಪ್ರಾಣಕ್ಕೇ ಸಂಚಕಾರ.

ಗುಂಯ್ ಎನ್ನುವುದರ ಬದಲು ‘ಜರ್ರ್’ ಎನ್ನುವ ಒರಟು ಸದ್ದಾದರೆ ಅನುಮಾನ ಫ್ಯಾನಿನ ರೆಗ್ಯುಲೇಟರಿನ ಮೇಲೆ ಹೋಗಬೇಕು. ಗುಬುಟು ತಿರುಗಿಸಿದಂತೆ ವೇಗ ಮೆಲ್ಲಗೆ ಬದಲಾಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರು ಪ್ರತಿ ಸೆಕೆಂಡಿಗೆ ನೂರು ಸಲ ಕರೆಂಟನ್ನು ತಟ್ಟನೆ ಕತ್ತರಿಸಿ ಬಿಡುತ್ತಿರುತ್ತದೆ. ಆ ಚೂಪು ಅಂಚುಗಳೇ ಸದ್ದಿನ ಮೂಲ. ಕೆಪಾಸಿಟರ್ ಇರುವ, ಒಂದೆರಡು ಮೂರು ಎಂದು ಮೆಟ್ಟಿಲಿನಂತೆ ತಿರುಗುವ ರೆಗ್ಯುಲೇಟರಿನಲ್ಲಿ ಈ ಕಾಟ ಬಹಳ ಕಡಿಮೆ. ಸ್ಕ್ವೇರ್ ವೇವ್ ಇನ್ವರ್ಟರಿನ ಕಥೆಯೂ ಹೀಗೇ: ಕರೆಂಟು ಹೋದಾಗ ಫ್ಯಾನೇ ಗೊಣಗುತ್ತದೆ, ಇನ್ನು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಮ್ಮನಿದ್ದೀತೇ?

ಇನ್ನು ಆ ದುಬಾರಿ ಪವರ್ ಕೇಬಲ್. ಸಬ್‌ಸ್ಟೇಷನ್ನಿನಿಂದ ಕಿಲೋಮೀಟರುಗಟ್ಟಲೆ ಅಲ್ಯೂಮಿನಿಯಂ ತಂತಿ, ಬೀದಿಯ ಟ್ರಾನ್ಸ್‌ಫಾರ್ಮರ್, ಮೀಟರು, ಗೋಡೆಯೊಳಗಿನ ಸಾಧಾರಣ ವೈರು ಇವೆಲ್ಲ ದಾಟಿ ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನಲ್ಲಿ ಸಂಸ್ಕಾರ ಪಡೆಯುತ್ತದೆ ಎಂಬ ವಾದಕ್ಕೆ ದಾರಿ ತೋರಿಸುವವರಿಲ್ಲ. ರಾತ್ರಿ ಹನ್ನೊಂದರ ಮೇಲೆ ಸೆಟ್ಟು ಚೆನ್ನಾಗಿ ಹಾಡುತ್ತದೆ, ಆಗ ಕರೆಂಟು ಶುದ್ಧ ಎನ್ನುವವರಿದ್ದಾರೆ. ಆ ಹೊತ್ತಿಗೆ ರಸ್ತೆಯ ಆಟೋಗಳೂ ಅಡುಗೆಮನೆಯ ಮಿಕ್ಸಿಯೂ ಬಾಯಿ ಮುಚ್ಚಿರುತ್ತವೆ ಎಂಬುದು ಅವರ ಲೆಕ್ಕಕ್ಕೆ ಬಂದಿರುವುದಿಲ್ಲ. ಕೇಬಲ್ಲಿನ ವಿಷಯ ಇತ್ಯರ್ಥ ಮಾಡಿಕೊಳ್ಳಲು ಕಾಸು ಖರ್ಚಿಲ್ಲದ ಉಪಾಯವಿದೆ. ಮನೆಯವರೊಬ್ಬರು ಸೆಟ್ಟಿನ ಹಿಂದೆ ಎರಡು ಕೇಬಲ್‌ಗಳನ್ನು, ಯಾವುದೆಂದು ಹೇಳದೆ, ಹತ್ತು ಹದಿನೈದು ಸಲ ಬದಲಿಸಲಿ. ಕೇಳುವವರು ಪ್ರತಿ ಸಲವೂ ಯಾವುದೆಂದು ಬರೆದಿಡಲಿ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಇದನ್ನು ಮಾಡಿಸಿಕೊಳ್ಳಲು ಕೇಳಿದರೂ ತಪ್ಪೇನಿಲ್ಲ.